ಅಝಾನ್ ಕೇಳದ ಊರಿನಲ್ಲೊಂದು ಮಸೀದಿ



ಇಂದು ನಿಮ್ಮನ್ನು ಒಂದು ಪುಟ್ಟ ಪ್ರಯಾಣಕ್ಕೆ ಕರೆದೊಯ್ಯುತ್ತೇನೆ. ಬಿಜಾಪುರದ ಗೋಳಗುಮ್ಮಟಕ್ಕಲ್ಲ, ಶ್ರೀರಂಗಪಟ್ಟಣದ ಮಸ್ಜಿದೆ ಆಲಾಕ್ಕೂ ಅಲ್ಲ. ಬೆಂಗಳೂರಿನ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಳದಿ ಮಾರ್ಗದ ಮೆಟ್ರೋ ಹತ್ತಿದರೆ ಸಾಕು. 2025ರ ಆಗಸ್ಟ್‌ನಲ್ಲಿ ಆರಂಭವಾದ ಈ ಮಾರ್ಗ ಸುಮಾರು 19 ಕಿಲೋಮೀಟರ್ ಉದ್ದವಿದೆ. ಹದಿನಾರು ನಿಲ್ದಾಣಗಳಲ್ಲಿ ಕೊನೆಯದು ಬೊಮ್ಮಸಂದ್ರ. ಸಿಲ್ಕ್ ಬೋರ್ಡ್ ದಾಟಿದ ಮೇಲೆ ಕಿಟಕಿಯಿಂದ ನೋಡುತ್ತಾ ಕುಳಿತರೆ ಗಾಜಿನ ಕಟ್ಟಡಗಳು, ಅವುಗಳ ಬೆನ್ನಿಗೆ ಅಂಟಿಕೊಂಡ ಶೀಟಿನ ಮನೆಗಳು, ಮಹಡಿಯ ಮೇಲೆ ಒಣಗಲು ಹಾಕಿದ ಸಮವಸ್ತ್ರಗಳು, ಮತ್ತೆ ಕಾರ್ಖಾನೆಗಳ ಕೊಳವೆಗಳು ಒಂದರ ಹಿಂದೊಂದು ಬರುತ್ತವೆ.

ಬೊಮ್ಮಸಂದ್ರದಲ್ಲಿ ಇಳಿಯಿರಿ. ಹೊಸೂರು ರಸ್ತೆಯ ಲಾರಿಗಳ ಸದ್ದು ಹಿಂದೆ ಬೀಳುವವರೆಗೆ ನನ್ನೊಂದಿಗೆ ನಡೆಯಿರಿ. ಒಂದು ಬೇಕರಿ, ಒಂದು ಪಂಕ್ಚರ್ ಅಂಗಡಿ, ಬಂಗಾಳಿ ಅಕ್ಷರದಲ್ಲಿ ಬೋರ್ಡು ಹಾಕಿದ ಮೀನೂಟದ ಹೋಟೆಲು. ಅದರ ಪಕ್ಕದ ಗಲ್ಲಿಯಲ್ಲಿ ಎರಡು ಮಹಡಿಯ ಒಂದು ಸಾದಾ ಕಟ್ಟಡ. ಮಿನಾರವಿಲ್ಲ, ಗುಮ್ಮಟವಿಲ್ಲ. ಬಾಗಿಲ ಹೊರಗೆ ರಾಶಿ ಬಿದ್ದ ಚಪ್ಪಲಿ, ಸೇಫ್ಟಿ ಶೂಗಳನ್ನು ಕಂಡಾಗಲೇ ಇದು ಮಸೀದಿ ಎಂದು ತಿಳಿಯುವುದು. ಇದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಬೇಡ, ದುಆ ಸಾಕು ಎಂದು ಕಮಿಟಿಯ ಹಿರಿಯರು ಹೇಳಿದ್ದಾರೆ.

ಬೆಂಗಳೂರಿನಂತಹ ಮಹಾನಗರದಲ್ಲಿ ಮಸೀದಿಗೇನು ಬರ, ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಶಿವಾಜಿನಗರದಲ್ಲೋ ಸಿಟಿ ಮಾರ್ಕೆಟ್ಟಿನಲ್ಲೋ ಇರುವವರಿಗೆ ಈ ಪ್ರಶ್ನೆ ಸಹಜ. ಆದರೆ ದೂರ ಎಂಬುದನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಲಾಗದು ಎಂಬುದನ್ನು ಈ ಊರು ನನಗೆ ಕಲಿಸಿತು.

ನಾನು ಬಂಟ್ವಾಳ ತಾಲೂಕಿನ ಹಳ್ಳಿಯೊಂದರಲ್ಲಿ ಬೆಳೆದವಳು. ನಮ್ಮ ಬ್ಯಾರಿ ಮನೆಗಳಲ್ಲಿ ಮಸೀದಿಗೆ 'ಪಳ್ಳಿ' ಎನ್ನುತ್ತೇವೆ. ಅಡುಗೆ ಮನೆಯಲ್ಲಿ ಪತ್ತಿರಿ ತಟ್ಟುತ್ತಿದ್ದ ಉಮ್ಮ ಗಡಿಯಾರ ನೋಡುತ್ತಿರಲಿಲ್ಲ. ಪಳ್ಳಿಯ ಬಾಂಗ್ ಕೇಳಿದಾಗ ಒಲೆಯ ಉರಿ ತಗ್ಗಿಸಿ, ತಲೆಗೆ ಬಟ್ಟೆ ಎಳೆದುಕೊಂಡು ವುಝೂ ಮಾಡಲು ಬಾವಿಕಟ್ಟೆಗೆ ಹೋಗುತ್ತಿದ್ದರು. ಉಮ್ಮ ಜೀವಮಾನದಲ್ಲಿ ಪಳ್ಳಿಯೊಳಗೆ ಕಾಲಿಟ್ಟವರಲ್ಲ. ಆದರೂ ಅವರ ದಿನವಿಡೀ ಪಳ್ಳಿಯ ಕೈಯಲ್ಲಿತ್ತು.

2005ರಲ್ಲಿ ಪತಿಗೆ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾವಿಲ್ಲಿಗೆ ಬಂದಾಗ ನಾನು ಮೊದಲು ಗಮನಿಸಿದ್ದು ಆ ಸದ್ದು ಇಲ್ಲದಿರುವುದನ್ನು. ಬೆಳಿಗ್ಗೆ ಕಾರ್ಖಾನೆಯ ಸೈರನ್, ಮಧ್ಯಾಹ್ನ ಸೈರನ್, ರಾತ್ರಿ ಶಿಫ್ಟ್ ಬಸ್ಸಿನ ಹಾರ್ನ್. ಬಾಂಗ್ ಇಲ್ಲ. ಕೈಕೂಸನ್ನು ಮಡಿಲಲ್ಲಿಟ್ಟುಕೊಂಡು ಗಡಿಯಾರ ನೋಡಿ ಅಸ್ರ್ ನಮಾಝಿಗೆ ಎದ್ದ ಮೊದಲ ದಿನ ನನಗೆ ಅಳು ಬಂದಿತ್ತು. ಆ ಬೀದಿಯಲ್ಲಿ ಮುಸ್ಲಿಮ್ ಮನೆ ನಮ್ಮದೊಂದೇ. ನೆರೆಯ ಗೌಡರ ಮನೆಯ ಅಜ್ಜಿ ನನ್ನ ಕಣ್ಣು ಕೆಂಪಾಗಿದ್ದುದನ್ನು ಕಂಡು, "ಯಾಕವ್ವಾ, ತವರು ನೆಪ್ಪಾಯ್ತಾ?" ಎಂದು ಕೇಳಿದ್ದರು. ಹೌದು ಎಂದೆ. ಬೇರೇನು ಹೇಳಲಿ?

ಈ ಪ್ರದೇಶದ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡರೆ ಆ ಮೌನದ ಕಾರಣ ಅರ್ಥವಾಗುತ್ತದೆ. ಇಲ್ಲಿಗೆ ಹತ್ತಿರದ ಎಲೆಕ್ಟ್ರಾನಿಕ್ ಸಿಟಿ ಒಂದು ಕಾಲದಲ್ಲಿ ರಾಗಿ ಹೊಲಗಳ ಸೀಮೆ. ರಾಜ್ಯ ಸರಕಾರದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಾಗದಲ್ಲಿ ಅದು ಹುಟ್ಟಿಕೊಂಡಿತು. ನಗರದ ಇನ್ನೊಂದು ತುದಿಯ ಪೀಣ್ಯದಲ್ಲಿ ಲೇತ್ ಯಂತ್ರಗಳ ಸಣ್ಣ ಸಣ್ಣ ಕಾರ್ಖಾನೆಗಳು ಬೆಳೆದದ್ದೂ ಹೆಚ್ಚುಕಡಿಮೆ ಅದೇ ದಶಕದಲ್ಲಿ. ಪೂರ್ವದ ವೈಟ್‌ಫೀಲ್ಡ್ ಇನ್ನೂ ಹಳೆಯದು. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ನೀಡಿದ 3,900 ಎಕರೆಯಲ್ಲಿ ಡಿ.ಎಸ್. ವೈಟ್ ಎಂಬವರು ಆಂಗ್ಲೋ ಇಂಡಿಯನ್ನರಿಗಾಗಿ ಕಟ್ಟಿದ ಊರು ಅದು.

ನೋಡಿ, ಈ ಮೂರೂ ಕಡೆ ಬಂದವರು ಬೇರೆ ಊರುಗಳಿಂದ ಬಂದವರೇ. ಒಂದು ಹಳ್ಳಿ ತಾನಾಗಿ ಬೆಳೆದಾಗ ಅದರ ಜೊತೆ ದೇವಸ್ಥಾನ, ಮಸೀದಿ, ಕೆರೆ, ಸ್ಮಶಾನ, ಖಬರಸ್ಥಾನಗಳೂ ಬೆಳೆಯುತ್ತವೆ. ಕೈಗಾರಿಕಾ ಪ್ರದೇಶದ ನಕ್ಷೆಯಲ್ಲಾದರೋ ಇರುವುದು ಪ್ಲಾಟುಗಳು, ರಸ್ತೆಗಳು, ವಿದ್ಯುತ್ ಕೇಂದ್ರ. ದುಡಿಯುವ ಕೈಗಳನ್ನು ಕರೆದವರು ಆ ಕೈಗಳ ಜೊತೆ ಒಂದು ಹೃದಯವೂ ಬರುತ್ತದೆಂದು ಲೆಕ್ಕ ಹಾಕಿರಲಿಲ್ಲ.

ಹಾಗಾಗಿ ಇಲ್ಲಿಯ ಮಸೀದಿ ಶುರುವಾದದ್ದು ಒಂದು ಶೀಟಿನ ಶೆಡ್ಡಿನಲ್ಲಿ. ಗುಜರಿ ವ್ಯಾಪಾರಿಯೊಬ್ಬರು ತಮ್ಮ ಗೋದಾಮಿನ ಒಂದು ಭಾಗವನ್ನು ಶುಕ್ರವಾರದ ಮಟ್ಟಿಗೆ ಬಿಟ್ಟುಕೊಟ್ಟಿದ್ದರು. ಪತಿ ಮೊದಲ ಜುಮಾಕ್ಕೆ ಹೋದಾಗ ಎಣಿಸಿದರಂತೆ, ಮೂವತ್ತೊಂದು ಜನ. ಕಾರ್ಖಾನೆಯಲ್ಲಿ ಊಟದ ಬಿಡುವು ಅರ್ಧ ಗಂಟೆ. ಆದ್ದರಿಂದ ಖುತ್ಬಾ ಚಿಕ್ಕದು, ಊಟ ಹೆಚ್ಚಾಗಿ ಇಲ್ಲವೇ ಇಲ್ಲ. ಬಿಹಾರದ ವೆಲ್ಡರ್, ಅಸ್ಸಾಮಿನ ಸೆಕ್ಯುರಿಟಿ ಗಾರ್ಡ್, ಕೇರಳದ ಟೀ ಅಂಗಡಿಯವರು, ಕಲಬುರಗಿಯ ಗಾರೆ ಕೆಲಸದವರು, ಕೊರಳಲ್ಲಿ ಕಂಪೆನಿಯ ಗುರುತುಪಟ್ಟಿ ನೇತು ಹಾಕಿಕೊಂಡ ಇಂಜಿನಿಯರು, ನಮ್ಮ ಕರಾವಳಿಯ ಬೇಕರಿ ಹುಡುಗರು ಎಲ್ಲರೂ ಒಂದೇ ಸಫ್ಫಿನಲ್ಲಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. 'ಆಮೀನ್' ಮಾತ್ರ ಎಲ್ಲರದೂ ಒಂದೇ.

ಮುಂದೆ ಸೈಟು ಕೊಳ್ಳಲು ಚಂದಾ ಎತ್ತುವಾಗ ಹೆಂಗಸರಾದ ನಾವೂ ಕೈಜೋಡಿಸಿದೆವು. ನಮ್ಮೂರ ಪದ್ಧತಿಯಂತೆ ದಿನವೂ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಡಬ್ಬಿಗೆ ಹಾಕಿ ತಿಂಗಳ ಕೊನೆಗೆ ಮಾರಿ ಹಣ ಕೊಡುವುದನ್ನು ನಾನು ಆರಂಭಿಸಿದೆ. ಉರ್ದು ಮನೆಮಾತಿನ ಸಹೋದರಿಯರು ಚೀಟಿಯ ಹಣದಿಂದ ಕೊಟ್ಟರು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಒಬ್ಬ ವಿಧವೆ ಕಿವಿಯೋಲೆ ಬಿಚ್ಚಿಕೊಟ್ಟಳು. ಅಲ್‌ಹಮ್ದುಲಿಲ್ಲಾಹ್, ಕಟ್ಟಡ ಎದ್ದಿತು. ಕೆಳಗೆ ವುಝೂ ಖಾನಾ ಮತ್ತು ಮಕ್ಕಳ ಮದ್ರಸ, ಮೇಲೆ ನಮಾಝಿನ ಹಾಲ್. ಮದ್ರಸ ಕಲಿತವಳೂ ಬಿ.ಎ. ಮಾಡಿದವಳೂ ಆದ ನನಗೆ ಸಂಜೆಯ ತರಗತಿಯ ಹೊಣೆ ಬಂತು. ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದುದರಿಂದ ಪಾಠ ಕನ್ನಡದಲ್ಲೇ ನಡೆಯಿತು. ಬಿಹಾರದ ಮಗುವೂ ಬಂಗಾಳದ ಮಗುವೂ ಪ್ರವಾದಿ(ಸ)ರ ಜೀವನವನ್ನು ಕನ್ನಡದಲ್ಲಿ ಹೇಳುವುದನ್ನು ಕೇಳುವುದೇ ಒಂದು ಸೊಗಸು.

ಇಷ್ಟೆಲ್ಲ ಆದರೂ ಆ ಕಟ್ಟಡದ ನಕ್ಷೆಯಲ್ಲಿ ಒಂದು ವಿಷಯವನ್ನು ನಾವು ಮರೆತಿದ್ದೆವು. ಗಂಡಸರೂ ಮರೆತಿದ್ದರು. ಹಿಡಿ ಅಕ್ಕಿ ಕೂಡಿಟ್ಟ ನಾನೂ ಮರೆತಿದ್ದೆ. ಅದನ್ನು ನೆನಪಿಸಿದ್ದು ಒಬ್ಬ ಅಪರಿಚಿತೆ.

ಸಹೋದರಿಯರೇ, ಈಗ ಬರೆಯುವುದು ನನ್ನದೇ ತಪ್ಪಿನ ಕಥೆ.

ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರು ಸ್ಥಾಪಿಸಿದ ನಾರಾಯಣ ಹೃದಯಾಲಯವಿದೆ. ಅದರ ಹೆಸರು ಕೇಳಿ ಬಂಗಾಳ, ಅಸ್ಸಾಮ್, ಬಾಂಗ್ಲಾದೇಶಗಳಿಂದಲೂ ರೋಗಿಗಳು ಬರುತ್ತಾರೆ. ಬಂಗಾಳಿ ಬೋರ್ಡಿನ ಹೋಟೆಲುಗಳೂ ದಿನದ ಬಾಡಿಗೆಯ ಕೋಣೆಗಳೂ ಸುತ್ತಮುತ್ತ ಇರುವುದು ಅದಕ್ಕೇ. 2016ರ ಮಳೆಗಾಲದ ಒಂದು ಸಂಜೆ, ಮಗ್‌ರಿಬ್‌ಗೆ ಐದು ನಿಮಿಷವಿದ್ದಾಗ, ನಾನು ಮಕ್ಕಳನ್ನು ಮನೆಗೆ ಕಳುಹಿಸಿ ಬಾಗಿಲು ಹಾಕುತ್ತಿದ್ದೆ. ನೆನೆದ ಸೀರೆಯ ಸೆರಗನ್ನು ತಲೆಗೆ ಬಿಗಿದುಕೊಂಡ ಒಬ್ಬಳು ಮೆಟ್ಟಿಲ ಬಳಿ ನಿಂತಿದ್ದಳು. ಕೈಯಲ್ಲಿ ಔಷಧದ ಚೀಟಿಗಳ ಪ್ಲಾಸ್ಟಿಕ್ ಚೀಲ. ಅರ್ಧ ಹಿಂದಿ, ಅರ್ಧ ಬಂಗಾಳಿಯಲ್ಲಿ ಅವಳು ಹೇಳಿದ್ದು ಇಷ್ಟು: ಮರುದಿನ ಮಗನ ಹೃದಯದ ಆಪರೇಶನ್. ನಮಾಝ್ ಮಾಡಬೇಕು. ಜಾಗ ಎಲ್ಲಿ?

ನಾನು ಹೇಳಿದೆ, "ಇಲ್ಲಿ ಹೆಂಗಸರಿಗೆ ಜಾಗವಿಲ್ಲಮ್ಮಾ. ರೂಮಿಗೆ ಹೋಗಿ ಮಾಡಿಕೊಳ್ಳಿ. ಹೆಂಗಸರಿಗೆ ಮನೆಯ ನಮಾಝೇ ಉತ್ತಮ."

"ರೂಮ್ ಬಿಟ್ಟುಬಿಟ್ಟೆವು ಆಪಾ" ಎಂದಳು. "ದುಡ್ಡು ಮುಗಿಯಿತು. ಆಸ್ಪತ್ರೆಯ ಬೆಂಚಿನಲ್ಲಿರುತ್ತೇವೆ. ಅಲ್ಲಾಹನ ಮನೆ ಕಾಣಿಸಿತು, ಅದಕ್ಕೇ ಬಂದೆ."

ಮೇಲಿಂದ ಅಝಾನ್ ಆಯಿತು. ಗಂಡಸರು ದಡಬಡನೆ ಮೆಟ್ಟಿಲೇರುತ್ತಿದ್ದರು. ಅವಳು ಪಕ್ಕಕ್ಕೆ ಸರಿದು, ಇನ್ನೂ ಸರಿದು, ಕೊನೆಗೆ ಗಲ್ಲಿಗಿಳಿದು ಬೇಕರಿಯ ಶೀಟಿನ ಕೆಳಗೆ ನಿಂತಳು. ನಾನು ಕೊಡೆ ಬಿಡಿಸಿ ಮನೆಗೆ ಹೋದೆ.

ನನ್ನ ಮನೆ ಅಲ್ಲಿಂದ ಎರಡು ಗಲ್ಲಿಯ ಆಚೆ ಇತ್ತು. ಬಾ ಎಂದು ಕರೆದಿದ್ದರೆ ಮೂರು ನಿಮಿಷದ ದಾರಿ. ಒಣ ಬಟ್ಟೆ ಕೊಡಬಹುದಿತ್ತು, ಮುಸಲ್ಲಾ ಹಾಸಿಕೊಡಬಹುದಿತ್ತು, ಬಿಸಿ ಗಂಜಿ ಕೊಡಬಹುದಿತ್ತು. ಇದೆಲ್ಲ ನನಗೆ ಹೊಳೆದದ್ದು ಸಲಾಮ್ ಹೇಳಿ ನಮಾಝ್ ಮುಗಿಸಿದ ಮೇಲೆ. ಓಡಿ ಬಂದು ನೋಡಿದರೆ ಬೇಕರಿಯ ಕೆಳಗೆ ಯಾರೂ ಇರಲಿಲ್ಲ. ಮರುದಿನ ಆಸ್ಪತ್ರೆಯ ಕಡೆ ಹೋಗಿ ಬೆಂಚುಗಳ ನಡುವೆ ಅಲೆದೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾರನ್ನೆಂದು ಕೇಳಲಿ?

ನಾನು ಹೇಳಿದ ಮಾತು ಸುಳ್ಳೇನಲ್ಲ. ಮನೆಯ ನಮಾಝಿನ ಶ್ರೇಷ್ಠತೆಯ ಬಗ್ಗೆ ಹದೀಸ್‌ಗಳಿವೆ. ನಾನೇ ಪಾಠ ಮಾಡಿದ್ದೇನೆ. ಆದರೆ ಅಲ್ಲಾಹನ ದಾಸಿಯರನ್ನು ಅಲ್ಲಾಹನ ಮಸೀದಿಗಳಿಂದ ತಡೆಯಬಾರದು ಎಂಬ ಅರ್ಥದ ಪ್ರವಾದಿ(ಸ)ರ ಆದೇಶವನ್ನೂ ನಾನು ಓದಿದ್ದೆನಲ್ಲ! ಮನೆ ಇದ್ದವಳಿಗೆ ಹೇಳುವ ಮಾತನ್ನು ಮನೆ ಇಲ್ಲದವಳಿಗೆ ಹೇಳಿದ್ದೇ ನನ್ನ ತಪ್ಪು. ಕಲಿತ ವಿದ್ಯೆಯನ್ನು ಎದುರಿಗೆ ನಿಂತವರ ಮುಖ ನೋಡದೆ ಉಪಯೋಗಿಸಿದರೆ ಹೀಗಾಗುತ್ತದೆ.

ಆ ಬಳಿಕ ನನ್ನ ಕಣ್ಣಿಗೆ ಹೆಂಗಸರು ಬೀಳತೊಡಗಿದರು. ಅದುವರೆಗೂ ಅವರು ಇದ್ದರು, ನಾನು ನೋಡಿರಲಿಲ್ಲ ಅಷ್ಟೇ. ಸೆಕೆಂಡ್ ಶಿಫ್ಟಿಗೆ ಹೋಗುವ ಮುನ್ನ ಬಸ್ ನಿಲ್ದಾಣದ ಹಿಂದೆ ದುಪಟ್ಟಾ ಹಾಸಿ ಝುಹರ್ ಮುಗಿಸುವ ಹುಡುಗಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಪೊರಕೆ ಬಕೆಟ್‌ಗಳ ನಡುವೆ ಅಸ್ರ್ ಮಾಡುವ ಹೌಸ್‌ಕೀಪಿಂಗ್ ಕೆಲಸದವಳು. ಕಂಪೆನಿಯ ಮೆಟ್ಟಿಲ ಸಂದಿಯಲ್ಲಿ ಎರಡು ರಕಅತ್ ಮುಗಿಸಿ ಯಾರಾದರೂ ಕಂಡರೇನೋ ಎಂದು ಗಾಬರಿಯಲ್ಲಿ ಓಡುವ ಸಾಫ್ಟ್‌ವೇರ್ ಸಹೋದರಿ. ಇವರ ಗಂಡಂದಿರಿಗೆ, ಅಣ್ಣತಮ್ಮಂದಿರಿಗೆ ಮಸೀದಿಯ ಬಾಗಿಲು ತೆರೆದಿದೆ. ಇವರಿಗೆ?

ಕಮಿಟಿಯವರಲ್ಲಿ ಪತಿಯ ಮೂಲಕ ವಿಷಯ ಎತ್ತಿದೆ. ಅವರು ಕೆಟ್ಟವರಲ್ಲ. ಅವರ ತೊಂದರೆಗಳೂ ನಿಜವಾದವೇ. "ಜುಮಾಕ್ಕೆ ಗಂಡಸರಿಗೇ ಜಾಗ ಸಾಲದು. ಎರಡು ಜಮಾಅತ್ ಮಾಡುತ್ತಿದ್ದೇವೆ. ಮೆಟ್ಟಿಲು ಒಂದೇ, ಶೌಚಾಲಯ ಒಂದೇ. ಹೆಂಗಸರಿಗೆ ಪ್ರತ್ಯೇಕ ವ್ಯವಸ್ಥೆ ಮಾಡುವಷ್ಟು ದೊಡ್ಡ ಮಸೀದಿಯೇ ನಮ್ಮದು?" ಎಂದರು. ಮಾತು ಅಲ್ಲಿಗೇ ನಿಂತಿತು.

ಅದಕ್ಕೆ ಉತ್ತರ ಸಿಕ್ಕಿದ್ದು ನನ್ನದೇ ತರಗತಿಯಲ್ಲಿ. ಲೋಕದ ಯಾವುದಾದರೂ ಒಂದು ಮಸೀದಿಯ ಬಗ್ಗೆ ತಿಳಿದು ಬನ್ನಿ ಎಂದು ಮಕ್ಕಳಿಗೆ ಹೇಳಿದ್ದೆ. ಎಲ್ಲರೂ ಮಕ್ಕಾ, ಮದೀನಾ, ದಿಲ್ಲಿ ಎಂದರು. ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ತಂದೆಯ ಮೊಬೈಲಿನಲ್ಲಿ ಒಂದು ಚಿತ್ರ ತಂದಿದ್ದಳು. ಲಾರಿಯ ಮೇಲೆ ಪ್ರಯಾಣ ಮಾಡುತ್ತಿರುವ ಮಸೀದಿ! ಮಕ್ಕಳೆಲ್ಲ ನಕ್ಕರು. ನಾನು ಆ ರಾತ್ರಿ ಕುಳಿತು ಅದರ ಬಗ್ಗೆ ಓದಿದೆ.

ಕೆನಡಾದ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿಲೋಮೀಟರ್ ಆಚೆ ಇನುವಿಕ್ ಎಂಬ ಪುಟ್ಟ ಪಟ್ಟಣವಿದೆ. ಜನಸಂಖ್ಯೆ ಮೂರು ಸಾವಿರ ಚಿಲ್ಲರೆ. ಬೇಸಿಗೆಯಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದಿಲ್ಲ, ಚಳಿಗಾಲದಲ್ಲಿ ವಾರಗಟ್ಟಲೆ ಹುಟ್ಟುವುದಿಲ್ಲ. ಟ್ಯಾಕ್ಸಿ ಓಡಿಸಲು, ವ್ಯಾಪಾರಕ್ಕೆ, ಇತರ ಕೆಲಸಗಳಿಗೆಂದು ಸುಡಾನ್, ಲೆಬನಾನ್, ಈಜಿಪ್ಟ್ ಮುಂತಾದ ದೇಶಗಳಿಂದ ಬಂದ ಸುಮಾರು ನೂರು ಮುಸ್ಲಿಮರು ಅಲ್ಲಿದ್ದರು. ಅವರು ನಮಾಝ್ ಮಾಡುತ್ತಿದ್ದುದು ಇಕ್ಕಟ್ಟಾದ ಒಂದು ಟ್ರೇಲರ್ ಕೋಣೆಯಲ್ಲಿ. ಅಲ್ಲಿ ಕಟ್ಟಡ ಕಟ್ಟುವ ಖರ್ಚು ಕೈಗೆಟುಕುವಂತಿರಲಿಲ್ಲ. ಆಗ ಮ್ಯಾನಿಟೋಬಾದ ಝುಬೈದಾ ತಲ್ಲಾಬ್ ಫೌಂಡೇಶನ್ ಒಂದು ಉಪಾಯ ಮಾಡಿತು. ದೂರದ ವಿನಿಪೆಗ್‌ನಲ್ಲಿ ಮಸೀದಿಯನ್ನು ಪೂರ್ತಿಯಾಗಿ ಕಟ್ಟಿಸಿ ಲಾರಿಯ ಮೇಲೆ ಏರಿಸಿತು. ರಸ್ತೆ ಮುಗಿದಲ್ಲಿ ದೋಣಿಗೆ ಸಾಗಿಸಿ ಮೆಕೆಂಝಿ ನದಿಯಲ್ಲಿ ಕಳುಹಿಸಿತು. ನದಿ ಹೆಪ್ಪುಗಟ್ಟುವ ಮುನ್ನ ತಲುಪಬೇಕಿತ್ತು. ಸುಮಾರು 4,000 ಕಿಲೋಮೀಟರ್ ಪ್ರಯಾಣ ಮಾಡಿ 2010ರ ಸೆಪ್ಟೆಂಬರ್‌ನಲ್ಲಿ ತಲುಪಿತು. ಅದೇ ನವೆಂಬರ್‌ನಲ್ಲಿ ಅದರ ಬಾಗಿಲು ತೆರೆಯಿತು. ಅದರ ಮಿನಾರವನ್ನು ಒಬ್ಬ ಬಡಗಿ ಅಲ್ಲಿಯೇ ಮರದಲ್ಲಿ ಕಟ್ಟಿದರು.

ಸೂರ್ಯ ಮುಳುಗದ ಊರಿನಲ್ಲಿ ರೋಝಾ ಹೇಗೆ ಎಂದು ಮಕ್ಕಳು ಕೇಳಿದರು. ಅಲ್ಲಿಯವರು ದಕ್ಷಿಣದ ಎಡ್ಮಂಟನ್ ನಗರದ ಸಮಯವನ್ನು ಅನುಸರಿಸುತ್ತಾರೆ. ಅವರಿಗೆ ಎಡ್ಮಂಟನ್ ಏಕೆ ಎಂದು ಹುಡುಕುತ್ತಾ ಹೋದಾಗ ನನಗೆ ಇನ್ನೊಂದು ಮಸೀದಿ ಸಿಕ್ಕಿತು. ಅದೇ ಅಲ್ ರಶೀದ್, ಕೆನಡಾದ ಮೊತ್ತಮೊದಲ ಮಸೀದಿ. 1938ರಲ್ಲಿ ತೆರೆದ ಅದರ ಹಿಂದೆ ಇದ್ದವರು ಹಿಲ್ವಿ ಹಮ್ದೂನ್ ಎಂಬ ಲೆಬನಾನ್ ಮೂಲದ ಮಹಿಳೆ ಮತ್ತು ಅವರ ಗೆಳತಿಯರು! ಜಾಗಕ್ಕಾಗಿ ನಗರದ ಮೇಯರನ್ನು ಭೇಟಿಯಾದವರು ಆಕೆ. ಆ ಮಹಿಳೆಯರು ಅಂಗಡಿಯಿಂದ ಅಂಗಡಿಗೆ ನಡೆದು ಚಂದಾ ಕೇಳಿದರು. ಕ್ರೈಸ್ತ, ಯಹೂದಿ ವ್ಯಾಪಾರಿಗಳೂ ಕೊಟ್ಟರು. ಮುಂದೆ ಆ ಹಳೆಯ ಕಟ್ಟಡವನ್ನು ಕೆಡವುವ ಮಾತು ಬಂದಾಗ ಅದನ್ನು ಉಳಿಸಲು ನಿಂತವರೂ ಮಹಿಳೆಯರೇ. ಇಂದದು ಎಡ್ಮಂಟನ್ನಿನ ಒಂದು ಚಾರಿತ್ರಿಕ ಉದ್ಯಾನದಲ್ಲಿ ಸುರಕ್ಷಿತವಾಗಿದೆ. 2017ರಲ್ಲಿ ಆ ನಗರದಲ್ಲಿ ತೆರೆದ ಒಂದು ಶಾಲೆಗೆ ಹಿಲ್ವಿ ಅವರ ಹೆಸರನ್ನೇ ಇಡಲಾಗಿದೆ.

ಯಾಕೆ ಇಷ್ಟು ದೂರ ಹೋಗಬೇಕು? ನಮ್ಮ ಕರಾವಳಿಯನ್ನೇ ನೋಡಿ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿ, ಕಾಸರಗೋಡಿನ ಮಾಲಿಕ್ ದೀನಾರ್ ಮಸೀದಿಗಳು ಅರಬ್ ವರ್ತಕರ ಕಾಲದವು ಎಂದು ಪರಂಪರೆ ಹೇಳುತ್ತದೆ. ಅಂದರೆ ಅವೂ ಕೂಡ ಕಡಲು ದಾಟಿ ಬಂದ, ಊರು ಬಿಟ್ಟ ಬೆರಳೆಣಿಕೆಯ ಮಂದಿಗಾಗಿ ಎದ್ದ ಮಸೀದಿಗಳೇ ತಾನೇ?

ಈ ಎಲ್ಲವನ್ನೂ ಮಹಿಳೆಯರ ಶನಿವಾರದ ತರಗತಿಯಲ್ಲಿ ಹೇಳಿದೆ. ನೂರು ಜನರಿಗಾಗಿ ಒಂದು ಮಸೀದಿಯನ್ನು ನಾಲ್ಕು ಸಾವಿರ ಕಿಲೋಮೀಟರ್ ಹೊತ್ತೊಯ್ಯಬಹುದಾದರೆ, ನಾವು ಒಂದು ಪರದೆಯನ್ನು ನಾಲ್ಕು ಅಡಿ ಸರಿಸಲಾರೆವೇ? ಎಂದು ಕಿವಿಯೋಲೆ ಕೊಟ್ಟ ಆ ಸಹೋದರಿ ಕೇಳಿದಳು. ನನಗಿಂತ ಚೆನ್ನಾಗಿ ಕೇಳಿದಳು.

2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಅರ್ಜಿಯೊಂದಕ್ಕೆ ಉತ್ತರವಾಗಿ ಅಖಿಲ ಭಾರತ ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್, ಮಹಿಳೆಯರು ಮಸೀದಿಗೆ ಹೋಗಿ ನಮಾಝ್ ಮಾಡಲು ಇಸ್ಲಾಮಿನಲ್ಲಿ ಅನುಮತಿಯಿದೆ ಎಂದು ತಿಳಿಸಿತು. ಜಮಾಅತ್ ನಮಾಝ್ ಅವರಿಗೆ ಕಡ್ಡಾಯವಲ್ಲ ಎಂಬುದನ್ನೂ ಹೇಳಿತು. ನಾನು ಪತ್ರಿಕೆಯ ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡೆ. ಆದರೆ ಕಮಿಟಿಯ ಮನಸ್ಸು ಬದಲಾದದ್ದು ಆ ಕಾಗದದಿಂದಲ್ಲ.

ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನ್ ಬಂತು. ಕಾರ್ಖಾನೆಗಳ ಸೈರನ್ ಕೂಡಾ ನಿಂತಿತು. ಮಸೀದಿಯಲ್ಲಿ ಜಮಾಅತ್ ಇಲ್ಲ. ಬಾಡಿಗೆ ಕಟ್ಟಲಾಗದೆ ಹೊಸೂರು ರಸ್ತೆಗಿಳಿದು ನಡೆಯತೊಡಗಿದ ಕೂಲಿಯವರನ್ನು ನೋಡಿ ಕಮಿಟಿಯವರು ಕೆಳಗಿನ ಮದ್ರಸ ಕೋಣೆಯನ್ನು ರೇಶನ್ ಕೋಣೆ ಮಾಡಿದರು. ಅಕ್ಕಿ, ಬೇಳೆ, ಎಣ್ಣೆಗಳನ್ನು ಅಳೆದು ಕಟ್ಟಿದವರು ನಾವು ಹೆಂಗಸರು. ಗೌಡರ ಮನೆಯ ಸೊಸೆಯೂ ಬಂದು ಕುಳಿತಳು. ಚೀಲ ಕೊಡುವಾಗ ಯಾರ ಜಾತಿ ಧರ್ಮವನ್ನೂ ಕೇಳಲಿಲ್ಲ. ಇನುವಿಕ್‌ನ ಮಸೀದಿಯಲ್ಲೂ ಊರಿನ ಬಡವರಿಗೆಲ್ಲ ಆಹಾರ ಕೊಡುವ ವ್ಯವಸ್ಥೆ ನಡೆದುಬಂದಿದೆ ಎಂದು ಓದಿದ್ದು ಆಗ ನೆನಪಾಯಿತು. ಎರಡು ತಿಂಗಳಿಗೂ ಹೆಚ್ಚು ಕಾಲ ಆ ಕೋಣೆಯಲ್ಲಿ ನಾವು ಬೆವರಿದೆವು. ಹೊತ್ತಾದಾಗ ಅಲ್ಲೇ ಮೂಲೆಯಲ್ಲಿ, ಅಂತರ ಬಿಟ್ಟು ನಮಾಝ್ ಮಾಡಿದೆವು. ಯಾರೂ ಆಕ್ಷೇಪಿಸಲಿಲ್ಲ. ಜೂನ್ 8ರಂದು ಪ್ರಾರ್ಥನಾ ಮಂದಿರಗಳು ಮತ್ತೆ ತೆರೆದಾಗ ಕಮಿಟಿಯ ಅಧ್ಯಕ್ಷರು ಪತಿಯೊಡನೆ ಹೀಗೆ ಹೇಳಿದರಂತೆ: "ಕಷ್ಟಕಾಲದಲ್ಲಿ ಮಸೀದಿ ನಡೆಸಿದವರಿಗೆ ಈಗ ಹೊರಗೆ ಹೋಗಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ."

ಪ್ರವಾದಿ(ಸ)ರ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಕಪ್ಪು ವರ್ಣದ ಮಹಿಳೆಯ ಪ್ರಸಂಗ ನಿಮಗೆ ತಿಳಿದಿರಬಹುದು. ಉಮ್ಮು ಮಿಹ್ಜನ್ ಎಂದು ಕೆಲವು ವರದಿಗಳಲ್ಲಿ ಅವರ ಹೆಸರಿದೆ. ಆಕೆ ತೀರಿಕೊಂಡಾಗ ರಾತ್ರಿ ಪ್ರವಾದಿ(ಸ)ರಿಗೆ ತೊಂದರೆ ಕೊಡುವುದೇಕೆಂದು ಸಹಾಬಿಗಳು ದಫನ ಮಾಡಿಬಿಟ್ಟರು. ಕಾಣದಿದ್ದಾಗ ಪ್ರವಾದಿ(ಸ) ವಿಚಾರಿಸಿದರು, ತನಗೆ ತಿಳಿಸಲಿಲ್ಲವೇಕೆ ಎಂದು ಕೇಳಿದರು, ಆಕೆಯ ಖಬರ್ ಎಲ್ಲಿದೆಯೆಂದು ತೋರಿಸಲು ಹೇಳಿ ಅಲ್ಲಿಗೆ ಹೋಗಿ ಪ್ರಾರ್ಥಿಸಿದರು. ಆ ಮಸೀದಿಯಾದರೂ ಎಂಥದ್ದು? ಖರ್ಜೂರದ ದಿಮ್ಮಿಗಳ ಕಂಬ, ಗರಿಗಳ ಮಾಡು. ಮಳೆ ಬಂದರೆ ಸೋರುತ್ತಿತ್ತು, ಸುಜೂದ್ ಮಾಡಿದವರ ಹಣೆಗೆ ಕೆಸರು ಮೆತ್ತುತ್ತಿತ್ತು. ಅಷ್ಟು ಸಣ್ಣ ಮಸೀದಿಯಲ್ಲಿ ತಾಯಂದಿರಿದ್ದರು, ಮಗು ಅತ್ತರೆ ಪ್ರವಾದಿ(ಸ) ನಮಾಝನ್ನು ಚಿಕ್ಕದು ಮಾಡುತ್ತಿದ್ದರು. ಜಾಗ ಸಾಲದು ಎಂಬ ಮಾತು ಅಲ್ಲಿ ಬಂದಿರಲಿಲ್ಲ.

2022ರ ರಮಝಾನಿಗೆ ನಮ್ಮ ಮಸೀದಿಯ ಕೆಳಗಿನ ಕೋಣೆಯ ಅರ್ಧ ಭಾಗಕ್ಕೆ ಮರದ ತಡಿಕೆ ಬಂತು. ಗಲ್ಲಿಯ ಕಡೆಯಿಂದ ಬೇರೆ ಬಾಗಿಲು, ಎರಡು ನಲ್ಲಿ, ಒಂದು ಶೌಚಾಲಯ, ಮೇಲಿನ ಇಮಾಮರ ದನಿ ಕೇಳಲು ಒಂದು ಸ್ಪೀಕರು. ಹನ್ನೆರಡು ಮಂದಿ ನಿಲ್ಲಬಹುದು, ಒತ್ತಿ ನಿಂತರೆ ಹದಿನೈದು. ಗೋಡೆಯಲ್ಲಿ ಒಂದು ಕಪಾಟು ಮಾಡಿಸಿ ಶುಭ್ರ ನಮಾಝಿನ ಉಡುಪುಗಳನ್ನೂ ಒಂದೆರಡು ಒಣ ಟವೆಲ್‌ಗಳನ್ನೂ ಇಟ್ಟಿದ್ದೇನೆ. ಟವೆಲ್ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮಳೆ ಬಂದರೆ ಬೇಕಾಗುತ್ತದೆ ಎನ್ನುತ್ತೇನೆ.

ಬೋರ್ಡನ್ನು ಕನ್ನಡ, ಉರ್ದು, ಬಂಗಾಳಿ ಮೂರರಲ್ಲೂ ಬರೆಸಿದ್ದೇವೆ. ಬಂಗಾಳಿಯ ಸಾಲನ್ನು ಬರೆದುಕೊಟ್ಟವರು ಮೀನೂಟದ ಹೋಟೆಲಿನವರು, ಹಿಂದೂ ಸಹೋದರ. ಈಗ ಆಸ್ಪತ್ರೆಗೆ ಬಂದ ತಾಯಂದಿರು ಬರುತ್ತಾರೆ. ಶಿಫ್ಟ್ ಬಸ್ಸಿಗೆ ಕಾಯುವ ಹುಡುಗಿಯರು ಬರುತ್ತಾರೆ. ಕೆಲವರು ನಮಾಝ್ ಮುಗಿಸಿ ಗೋಡೆಗೊರಗಿ ಹತ್ತು ನಿಮಿಷ ಸುಮ್ಮನೆ ಕುಳಿತಿರುತ್ತಾರೆ. ನಾನು ಮಾತನಾಡಿಸಲು ಹೋಗುವುದಿಲ್ಲ. ಈ ಊರಿನಲ್ಲಿ ಹೆಣ್ಣಿಗೆ ಯಾರೂ ಏಳು ಎನ್ನದ ಜಾಗ ಬಹಳವಿಲ್ಲ.

ಎಲ್ಲ ಸರಿಯಾಯಿತೆಂದು ಹೇಳಲಾರೆ. ಶುಕ್ರವಾರ ಗಂಡಸರು ಗಲ್ಲಿಯವರೆಗೂ ತುಂಬುವುದರಿಂದ ಆ ಎರಡು ಗಂಟೆ ನಮ್ಮ ಕೋಣೆಯೂ ಅವರದೇ. ಶುಕ್ರವಾರ ಮಧ್ಯಾಹ್ನ ಬಂದ ಸಹೋದರಿಯನ್ನು ನಾನು ನನ್ನ ಮನೆಗೆ ಕರೆದೊಯ್ಯುತ್ತೇನೆ. ಎರಡೇ ಗಲ್ಲಿ. ಅದನ್ನು ನಾನೀಗ ಮರೆಯುವುದಿಲ್ಲ.

ಓದುಗ ಸಹೋದರಿಯರೇ, ನಿಮ್ಮ ಊರು ದೊಡ್ಡದಿರಬಹುದು, ನಿಮ್ಮ ಮಸೀದಿಗೆ ಎತ್ತರದ ಮಿನಾರಗಳಿರಬಹುದು. ಅದು ಬಸ್ ನಿಲ್ದಾಣದ ಬಳಿಯೋ, ಆಸ್ಪತ್ರೆಯ ಬಳಿಯೋ, ಕಾರ್ಖಾನೆಯ ಬಳಿಯೋ ಇದ್ದರೆ ಒಮ್ಮೆ ಯೋಚಿಸಿ. ಪ್ರಯಾಣದಲ್ಲಿರುವ ಒಬ್ಬ ಹೆಣ್ಣಿಗೆ ಅಲ್ಲಿ ಒಂದು ನಲ್ಲಿ, ಒಂದು ಚಾಪೆ, ಒಂದು ಬಾಗಿಲು ಇದೆಯೇ? ಇಲ್ಲವಾದರೆ ನಿಮ್ಮ ಪತಿಯೊಡನೆ, ಮಗನೊಡನೆ, ಸಹೋದರನೊಡನೆ ಮಾತೆತ್ತಿ. ಜಗಳ ಬೇಡ. ಹಿಡಿ ಅಕ್ಕಿಯ ಡಬ್ಬಿಯಿಂದ ಶುರು ಮಾಡಿ. ಅದು ಆಗುವವರೆಗೆ ನಿಮ್ಮ ಮನೆಯ ಬಾಗಿಲಾದರೂ ತೆರೆದಿರಲಿ.

ಮಳೆಯ ಆ ಸಂಜೆಯ ತಾಯಿ ಎಲ್ಲಿದ್ದಾಳೋ ನನಗೆ ತಿಳಿಯದು. ಅವಳ ಮಗ ಬದುಕಿದ್ದರೆ ಈಗ ಯುವಕನಾಗಿರಬೇಕು. ಕನ್ನಡ ಬಾರದ ಅವಳು ಈ ಪುಟವನ್ನು ಓದಲಾರಳು. ಆದರೂ ಪ್ರತಿ ಮಗ್‌ರಿಬ್‌ನ ಬಳಿಕ ಆ ಮಗುವಿನ ಹೃದಯಕ್ಕಾಗಿ ದುಆ ಮಾಡುತ್ತೇನೆ. ನೀವೂ ಒಮ್ಮೆ ಆಮೀನ್ ಹೇಳಿ.